ಕಲೆ ಹೋಗುತ್ತಾ ಡಾಕ್ಟರ್ ಬೆನ್?

ಮುಖದ ಕಲೆಯಿಂದ ಇವತ್ತಿನವರೆಗೆ ಯಾರೂ ಸತ್ತಿಲ್ಲ. ಆದರೆ ಇನ್ನೇನು ಸತ್ತೇ ಹೋಗುತ್ತೇನೆ ಅನ್ನುವ ಮುಖ ಹೊತ್ತುಕೊಂಡು ದಿನಕ್ಕೆ ಹತ್ತು ಜನ ನನ್ನೆದುರು ಬಂದು ಕೂರುತ್ತಾರೆ. ಅವರ ದುಃಖ ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೇಳಿಕೊಳ್ಳಲು ಬಂದ ಅವರೂ ಕೇಳಿಸಿಕೊಳ್ಳಲು ಕೂತ ನಾನೂ ಸೇರಿ ಏನಾದರೊಂದು ಫಜೀತಿ ಮಾಡಿಕೊಳ್ಳದೆ ಒಂದು ವಾರವೂ ಕಳೆಯುವುದಿಲ್ಲ.

ನಾನು ಧಾರವಾಡದ ಕಡೆಯವಳು, ಚರ್ಮದ ಡಾಕ್ಟರು. ಗಂಡನಿಗೆ ಕೇಂದ್ರ ಸರ್ಕಾರದ ಕಂಪನಿಯೊಂದರಲ್ಲಿ ಕೆಲಸ. ಕಂಪನಿ ಅವರನ್ನು ಮೊದಲು ವಡೋದರಾಕ್ಕೆ, ಆಮೇಲೆ ಸೂರತ್ತಿಗೆ, ಕೊನೆಗೆ ಅಹಮದಾಬಾದಿಗೆ ಹಾಕಿತು. ಅವರು ಹೋದಲ್ಲೆಲ್ಲ ನಾನೂ ಹೋಗಿ ಬೋರ್ಡು ಹಾಕಿದೆ. ಗುಜರಾತಿನಲ್ಲಿ ಹೆಂಗಸರನ್ನು 'ಬೆನ್' ಅಂತ ಕರೆಯುತ್ತಾರೆ, ನಾವು ಅಕ್ಕ ಅಂದ ಹಾಗೆ. ಹೀಗಾಗಿ ನಾನು ಊರಿಗೆಲ್ಲ 'ಡಾಕ್ಟರ್ ಬೆನ್'. "ಕಲೆ ಹೋಗುತ್ತಾ ಡಾಕ್ಟರ್ ಬೆನ್?" ಅನ್ನುವ ಮಾತನ್ನು ನಾನು ಕೇಳಿದಷ್ಟು ಸಲ ನನ್ನ ಗಂಡ ನನ್ನ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ.

ಡಾಕ್ಟರ ಮುಖ

ವಡೋದರಾದಲ್ಲಿದ್ದಾಗ ಮಗಳು ಹುಟ್ಟಿದಳು. ಅವಳ ಹಿಂದೆಯೇ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ಬಸುರಿಯರಿಗೆ, ಬಾಣಂತಿಯರಿಗೆ ಬರುವುದು ಸಾಮಾನ್ಯ. ಕಂದು ಬಣ್ಣದ ಚಿಟ್ಟೆಯೊಂದು ಮೂಗಿನ ಮೇಲೆ ಕೂತು ಎರಡೂ ಕಡೆ ರೆಕ್ಕೆ ಬಿಚ್ಚಿದ ಹಾಗೆ ಇರುತ್ತದೆ. ಬೇರೆ ಹೆಂಗಸರಿಗಾದರೆ ಬರೀ ಬೇಜಾರು. ಚರ್ಮದ ಡಾಕ್ಟರಿಗೆ ಬಂದರೆ, ಹಲ್ಲಿಲ್ಲದವನು ಹಲ್ಲುಪುಡಿ ಮಾರಲು ಕೂತ ಹಾಗೆ.

ಒಂದು ದಿನ ಬಂಗು ತೋರಿಸಲು ಒಬ್ಬ ಶಾಲೆಯ ಟೀಚರ್ ಬಂದರು. ನಾನು ಅವರ ಕೆನ್ನೆ ನೋಡುತ್ತಿದ್ದರೆ ಅವರು ನನ್ನ ಕೆನ್ನೆ ನೋಡುತ್ತಿದ್ದರು.

"ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯಾ?" ಎಂದು ಕೇಳಿದೆ.

"ನಿಮ್ಮ ಮನೆಯಲ್ಲಿ?" ಎಂದರು.

ನಾನು ಸುಮ್ಮನೆ ಕ್ರೀಮು ಬರೆದುಕೊಟ್ಟೆ. ಅವರು ಚೀಟಿ ಓದಿ, "ಇದನ್ನೇ ನೀವೂ ಹಚ್ಚುತ್ತೀರಾ?" ಎಂದರು.

"ಹೌದು."

"ಎಷ್ಟು ದಿನದಿಂದ?"

"ಮೂರು ತಿಂಗಳಾಯಿತು."

ಅವರು ಚೀಟಿಯನ್ನು ನೀಟಾಗಿ ಮಡಿಸಿ ನನ್ನ ಮೇಜಿನ ಮೇಲೇ ಇಟ್ಟರು. "ಹಾಗಾದರೆ ಬೇರೆ ಯಾವುದಾದರೂ ಬರೆದುಕೊಡಿ."

ಬಂಗು ಹೋಗಲು ಬಹಳ ಕಾಲ ಬೇಕು, ಹೋದರೂ ಬಿಸಿಲಿಗೆ ತಿರುಗಿ ಬರುತ್ತದೆ ಎಂದು ನಾನು ಮಾಡಿದ ಭಾಷಣ ಅವರ ಕಿವಿಗೆ ಹೋಗಲಿಲ್ಲ. ಮರುದಿನದಿಂದ ನಾನು ಒಂದು ಉಪಾಯ ಮಾಡಿದೆ. ಕ್ಲಿನಿಕ್ಕಿಗೆ ಹೊರಡುವ ಮುಂಚೆ ಚರ್ಮದ ಬಣ್ಣದ ಮೇಕಪ್ಪನ್ನು ದಪ್ಪಗೆ ಬಳಿದುಕೊಂಡೆ. ಚಿಟ್ಟೆ ಮಾಯವಾಯಿತು. ಅವತ್ತು ಬಂದ ಮೊದಲ ಪೇಶಂಟ್ ಒಬ್ಬ ಗೃಹಿಣಿ. ಕೂತವರೇ ಕೈ ಮುಗಿದು, "ಡಾಕ್ಟರ್ ಬೆನ್, ನನಗೆ ಬೇರೆ ಏನೂ ಬೇಡ. ನಿಮ್ಮ ಮುಖಕ್ಕೆ ಏನು ಹಚ್ಚಿದ್ದೀರೋ ಅದನ್ನೇ ಬರೆದುಕೊಡಿ" ಎಂದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹತ್ತಿ ತೆಗೆದುಕೊಂಡು ಒಂದು ಕೆನ್ನೆ ಒರೆಸಿಕೊಂಡು ತೋರಿಸಿದೆ. "ನೋಡಿ, ನನಗೂ ಇದೆ. ಇದು ಮುಚ್ಚಿಟ್ಟದ್ದು, ವಾಸಿಯಾದದ್ದಲ್ಲ."

ಆ ತಾಯಿಯ ಕಣ್ಣಲ್ಲಿ ನೀರು ಬಂತು. ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ದನಿ ತಗ್ಗಿಸಿ ಹೇಳಿದರು:

"ನೀವೇನೂ ಚಿಂತೆ ಮಾಡಬೇಡಿ ಬೆನ್. ನನಗೊಬ್ಬ ಒಳ್ಳೆಯ ಚರ್ಮದ ಡಾಕ್ಟರು ಗೊತ್ತು."

ನೇರಳೆ ರೋಗ

ಸೂರತ್ತಿನಲ್ಲಿ ನನ್ನ ಕ್ಲಿನಿಕ್ಕಿಗೆ ಪಾಂಡೇಸರಾದ ಕಡೆಯಿಂದ ತುಂಬಾ ಜನ ಬರುತ್ತಿದ್ದರು. ಅಲ್ಲಿ ಸಾಲುಸಾಲಾಗಿ ಸೀರೆಗೆ ಬಣ್ಣ ಹಾಕುವ ಮಿಲ್ಲುಗಳು. ಅಂಥದೊಂದು ಮಿಲ್ಲಿನಲ್ಲಿ ಬಣ್ಣದ ಮಾಸ್ಟರ್ ಆಗಿದ್ದವರು ಒಂದು ಸಂಜೆ ಬಂದರು. "ಮುಖದ ಬಣ್ಣ ಒಂದೊಂದು ಕಡೆ ಒಂದೊಂದು ಥರ ಇದೆ, ಡಾಕ್ಟರಿಗೆ ತೋರಿಸಿ ಅಂತ ಹೆಂಡತಿ ಕಳಿಸಿದ್ದಾಳೆ" ಎಂದರು.

ನೋಡಿದೆ. ಹಣೆ, ಕೆನ್ನೆ, ಮೂಗಿನ ಪಕ್ಕ, ಎಲ್ಲಾ ಕಡೆ ನೇರಳೆ ಬಣ್ಣದ ಮಚ್ಚೆ. ಇಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದೆ. ಅದೂ ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟ ಪುಟದಲ್ಲಿ.

"ಎಷ್ಟು ದಿನದಿಂದ ಇದೆ?"

"ಒಂದು ವರ್ಷದಿಂದ ಇರಬಹುದು ಮೇಡಂ."

ಒಂದು ವರ್ಷ! ನಾನು ಕಪಾಟಿನಿಂದ ದಪ್ಪ ಪುಸ್ತಕ ಇಳಿಸಿದೆ. ಪಕ್ಕದ ಕಟ್ಟಡದಲ್ಲಿದ್ದ ಇಬ್ಬರು ಡಾಕ್ಟರ್ ಗೆಳೆಯರಿಗೆ ಫೋನು ಮಾಡಿದೆ. ಇಬ್ಬರೂ ತಮ್ಮ ಪೇಶಂಟುಗಳನ್ನು ಬಿಟ್ಟು ಓಡಿ ಬಂದರು. ಮೂವರೂ ಆ ಮನುಷ್ಯನ ಸುತ್ತ ನಿಂತೆವು. ಟಾರ್ಚು ಬಿಟ್ಟೆವು, ಭೂತಗನ್ನಡಿ ಹಿಡಿದೆವು, ಅವರ ಒಪ್ಪಿಗೆ ಕೇಳಿ ಫೋಟೋ ತೆಗೆದೆವು. ಒಬ್ಬರು ಲ್ಯಾಟಿನ್ನಿನಲ್ಲಿ ಒಂದು ರೋಗದ ಹೆಸರು ಹೇಳಿದರು. ಇನ್ನೊಬ್ಬರು ಅದಕ್ಕಿಂತ ಉದ್ದದ್ದು ಹೇಳಿದರು. ನಾನು ಸೋಲಬಾರದೆಂದು ಇಬ್ಬರದೂ ಸೇರಿಸಿ ಮೂರನೆಯದು ಹೇಳಿದೆ.

ಮಧ್ಯದಲ್ಲಿ ಕೂತ ಮಾಸ್ಟರಿಗೆ ನಮ್ಮ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಮೂವರು ಡಾಕ್ಟರು ಒಟ್ಟಿಗೆ ಇಷ್ಟು ಉತ್ಸಾಹದಲ್ಲಿದ್ದರೆ ಪೇಶಂಟ್ ಉಳಿಯುವುದು ಕಷ್ಟ ಅನ್ನುವುದು ಅವರಿಗೆ ತಿಳಿದುಹೋಯಿತು. "ಮೇಡಂ, ಮಗಳ ಮದುವೆ ನೋಡುವವರೆಗಾದರೂ ಇರುತ್ತೀನಾ?" ಅಂದವರೇ ಗೊಳೋ ಎಂದು ಅತ್ತುಬಿಟ್ಟರು.

ನಾನು ನೀರು ಕೊಟ್ಟೆ. ಅವರು ಅರ್ಧ ಕುಡಿದು, ಉಳಿದದ್ದನ್ನು ಕೈಗೆ ಹಾಕಿಕೊಂಡು ಮುಖಕ್ಕೆ ಎರಚಿಕೊಂಡರು. ಜೇಬಿನಿಂದ ಕರವಸ್ತ್ರ ತೆಗೆದು ಗಸಗಸ ಒರೆಸಿಕೊಂಡರು. ಕರವಸ್ತ್ರ ಕೆಳಗಿಳಿಸಿದಾಗ ರೋಗ ಕರವಸ್ತ್ರದಲ್ಲಿತ್ತು. ಮುಖದಲ್ಲಿ ಇದ್ದದ್ದು, ಅವರ ಹೆಂಡತಿ ಕಂಡಿದ್ದ ಮಾಮೂಲಿ ಬಂಗು.

ಮೂವರೂ ಪುಸ್ತಕ ನೋಡಿದೆವು, ಕರವಸ್ತ್ರ ನೋಡಿದೆವು. ನಾನು ಮೆಲ್ಲಗೆ ಪುಸ್ತಕ ಮುಚ್ಚಿದೆ. ಅದನ್ನು ನೋಡಿ ಮಾಸ್ಟರೇ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು:

"ಇವತ್ತು ಮಿಲ್ಲಿನಲ್ಲಿ ಕೈಕಾಲು ತೊಳೆಯಲು ನೀರಿರಲಿಲ್ಲ ಮೇಡಂ, ಹಾಗೇ ಬಂದೆ. ಇವತ್ತು ನೇರಳೆ ನಡೀತಿತ್ತು. ನಿನ್ನೆ ಗಿಳಿಹಸಿರು. ನಿನ್ನೆ ಬರಬೇಕಾಗಿತ್ತೇನು?"

ಎಡಗೆನ್ನೆ

ಅಹಮದಾಬಾದಿಗೆ ಬಂದ ಹೊಸತರಲ್ಲಿ, ಕನ್ನಡದ ಡಾಕ್ಟರು ಬಂದಿದ್ದಾರೆ ಎಂದು ಸುದ್ದಿ ಹರಡಿ, ಮಣಿನಗರ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಯಜಮಾನರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಕೈಯಲ್ಲಿ ಗೋಳಿಬಜೆಯ ಪೊಟ್ಟಣ. ಎಷ್ಟೋ ವರ್ಷ ದೋಸೆಯ ಕಾವಲಿ ಮುಂದೆ ನಿಂತು, ಈಗ ಗಲ್ಲಾದಲ್ಲಿ ಕೂತು ದುಡ್ಡು ತೆಗೆದುಕೊಳ್ಳುವಷ್ಟು ಮೇಲೆ ಬಂದವರು. ಯಜಮಾನರ ಎರಡೂ ಕೆನ್ನೆ ಮೇಲೆ ಬಂಗು ಕಾವಲಿಗೆ ಹಿಡಿದ ಮಸಿಯ ಹಾಗೆ ಕೂತಿತ್ತು.

"ಡಾಕ್ಟ್ರೆ, ಗಿರಾಕಿಗಳು ಕೇಳ್ತಾರೆ, 'ಅಣ್ಣಾ, ಮುಖಕ್ಕೆ ಏನು ಸಾಂಬಾರು ಹಾರಿದ್ದಾ' ಅಂತ. ಎಂತ ಮಾಡುದು ಮಾರಾಯ್ರೆ?"

ಬಿಸಿಲು, ಬೆಂಕಿಯ ಕಾವು ಎರಡೂ ಆಗದು ಎಂದೆ. ಹಗಲು ಹಚ್ಚಲು ಬಿಸಿಲು ತಡೆಯುವ ಕ್ರೀಮು, ರಾತ್ರಿ ಹಚ್ಚಲು ಬೇರೆ ಕ್ರೀಮು ಬರೆದೆ. "ರಾತ್ರಿಯದು ತೆಳ್ಳಗೆ ಹಚ್ಚಬೇಕು" ಎಂದೆ.

"ತೆಳ್ಳಗೆ ಅಂದರೆ? ಸೆಟ್ ದೋಸೆ ಹಾಗೆಯಾ, ನೀರುದೋಸೆ ಹಾಗೆಯಾ?"

"ನೀರುದೋಸೆ."

"ಈಗ ಗೊತ್ತಾಯ್ತು ನೋಡಿ. ಇಷ್ಟು ಚೆಂದ ಮಾಡಿ ಇಷ್ಟರವರೆಗೆ ಯಾರೂ ಹೇಳಿರ್ಲಿಲ್ಲ."

ಎರಡು ತಿಂಗಳು ಬಿಟ್ಟು ದಂಪತಿ ತಿರುಗಿ ಬಂದರು. ಯಜಮಾನರ ಬಲಗೆನ್ನೆ ನೋಡಿ ನನಗೇ ನನ್ನ ಮೇಲೆ ಹೆಮ್ಮೆ ಬಂತು. ಅಷ್ಟು ತಿಳಿಯಾಗಿತ್ತು. "ಈ ಕಡೆ ತಿರುಗಿ" ಎಂದೆ. ತಿರುಗಿದರು. ಎಡಗೆನ್ನೆ ಹಿಂದೆ ಹೇಗಿತ್ತೋ ಹಾಗೇ ಇತ್ತು. ಒಂದೇ ಮನುಷ್ಯನ ಎರಡು ಕೆನ್ನೆ, ಎರಡು ತಾಲೂಕಿನವು ಇದ್ದ ಹಾಗೆ.

ನನಗೆ ಗಾಬರಿಯಾಯಿತು. "ಎಡಗಡೆಗೆ ಒತ್ತಿ ಮಲಗುತ್ತೀರಾ?"

"ಇಲ್ಲ."

"ಗಲ್ಲಾದಲ್ಲಿ ಕೂತರೆ ಎಡಗಡೆ ಕಿಟಕಿ ಇದೆಯಾ? ಬಿಸಿಲು ಬೀಳುತ್ತಾ?"

"ಇಲ್ಲ, ಎಡಗಡೆ ಗೋಡೆ."

"ಮತ್ತೆ ಇದು ಯಾಕೆ ಹೀಗಿದೆ? ಕ್ರೀಮು ಸರಿಯಾಗಿ ಹಚ್ಚಿದಿರಾ?"

"ಈ ಕಡೆಗೆ ನಾನು ಹಚ್ಚಲೇ ಇಲ್ವಲ್ಲಾ!" ಎಂದರು, ಏನು ಪ್ರಶ್ನೆ ಕೇಳುತ್ತೀರಿ ಅನ್ನುವ ಹಾಗೆ. "ಗಲ್ಲಾದಲ್ಲಿ ಕೂತ್ರೆ ಗಿರಾಕಿಗೆ ಕಾಣುದು ನನ್ನ ಬಲಗಡೆ ಮಾತ್ರ. ಎಡಗಡೆ ಗೋಡೆ ಅಂತ ಹೇಳಿದೆ ಅಲ್ವಾ? ಗೋಡೆಗೆ ಎಂತಕ್ಕೆ ಡಾಕ್ಟ್ರೆ ಇಷ್ಟು ದುಬಾರಿ ಕ್ರೀಮು?"

ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅವರ ಹೆಂಡತಿ ಮೊದಲ ಬಾರಿ ಬಾಯಿ ತೆರೆದರು.

"ಧಾರೆಯ ದಿನದಿಂದ ನಾನು ಕೂತದ್ದು ಇವರ ಎಡಗಡೆ ಡಾಕ್ಟ್ರೆ. ಈಗ ನನಗೂ ಗೊತ್ತಾಯ್ತು, ನಾನು ಗೋಡೆ ಅಂತ."

ಬಾ

ಈಗ ನಾವಿರುವುದು ಅಹಮದಾಬಾದಿನದೇ ಬಡಾವಣೆಯಾದ ಬೋಪಾಲ್‌ನಲ್ಲಿ. ಸುತ್ತ ಎಲ್ಲಿ ನೋಡಿದರೂ ಹೊಸ ಅಪಾರ್ಟ್‌ಮೆಂಟು. ಮನೆ ಏಳನೇ ಮಹಡಿ, ಕ್ಲಿನಿಕ್ಕು ಅದೇ ಕಟ್ಟಡದ ಕೆಳಗೆ ಅಂಗಡಿಗಳ ಸಾಲಿನಲ್ಲಿ. ಒಂದು ಚಳಿಗಾಲ ಧಾರವಾಡದಿಂದ ನಮ್ಮ ಅತ್ತೆ ಬಂದರು. ಮೇಲೆ ಕೂತು ಬೇಜಾರಾಗಿ, ದಿನಾ ಹನ್ನೊಂದಕ್ಕೆ ಲಿಫ್ಟಿನಲ್ಲಿ ಇಳಿದು ಬಂದು ಪೇಶಂಟುಗಳ ನಡುವೆ ಒಂದು ಕುರ್ಚಿ ಹಿಡಿಯುತ್ತಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಪೇಶಂಟುಗಳಿಗೆ ಕನ್ನಡ ಬಾರದು.

ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಸಿಟ್ಟಿನಲ್ಲಿದ್ದರು.

"ಏನ್ ಮಂದಿನವಾ ಇವರು! ದೊಡ್ಡವರು ಸಣ್ಣವರು ಅನ್ನೂದ ಇಲ್ಲ. ಎಲ್ಲಾರೂ ನನಗ 'ಬಾ', 'ಬಾ' ಅಂತಾರ. 'ಬರ್ರಿ' ಅಂದ್ರ ಇವರ ಗಂಟೇನ್ ಹೋಗ್ತದ? ಇಷ್ಟಿಷ್ಟ್ ಹುಡುಗ್ಯಾರೂ ಬಾ ಅಂತಾವ!"

"ಮತ್ತ ನೀವೇನ್ ಮಾಡ್ತೀರಿ?"

"ಏನ್ ಮಾಡೂದು? ಕರದ್ರಲ್ಲಾ ಅಂತ ಎದ್ದು ಹೋಗ್ತೀನಿ."

ಆಗ ನನಗೆ ಗುಟ್ಟು ತಿಳಿಯಿತು. ಗುಜರಾತಿಯಲ್ಲಿ 'ಬಾ' ಅಂದರೆ ತಾಯಿ. ಪೇಶಂಟುಗಳು ಬಾಗಿಲಲ್ಲಿ ಈ ಹಿರಿಯರನ್ನು ಕಂಡು ಗೌರವದಿಂದ "ಕೇಮ್ ಛೋ ಬಾ?", ಅಂದರೆ ಹೇಗಿದ್ದೀರಿ ತಾಯಿ, ಎನ್ನುತ್ತಿದ್ದರು. ಅತ್ತೆ ಎದ್ದು ಹೋಗಿ ಅವರ ಪಕ್ಕ ಕೂರುತ್ತಿದ್ದರು. ಕೂತ ಮೇಲೆ ಸುಮ್ಮನೆ ಇರುವುದು ಹೇಗೆ? ಗದ್ದ ಹಿಡಿದು ಎತ್ತಿ, ಮುಖದ ಕಲೆ ನೋಡಿ, ಚ್ಚ್ ಚ್ಚ್ ಎಂದು, ಕೈಸನ್ನೆಯಲ್ಲೇ ಔಷಧಿ ಹೇಳುತ್ತಿದ್ದರು. ಕಡಲೆಹಿಟ್ಟು, ಹಾಲಿನ ಕೆನೆ, ಅರಿಷಿಣ. ಅರಿಷಿಣ ಎಷ್ಟು ಎಂಬುದಕ್ಕೆ ಮಾತ್ರ ಕೈಸನ್ನೆ ಸರಿಯಾಗಿ ಇರಲಿಲ್ಲ ಅಂತ ಕಾಣುತ್ತದೆ. ಏಕೆಂದರೆ ಅವತ್ತೇ ಸಂಜೆ ಒಬ್ಬ ಕಾಲೇಜು ಹುಡುಗಿ ಕಣಿಗಲೆ ಹೂವಿನಂಥ ಹಳದಿ ಮುಖ ಹೊತ್ತು ಬಂದು ಹೇಳಿದ್ದಳು: "ಡಾಕ್ಟರ್ ಬೆನ್, ಕಲೆ ಈಗ ಕಾಣುತ್ತಿಲ್ಲ. ಆದರೆ ನಾನೂ ಕಾಣುತ್ತಿಲ್ಲ."

ಊಟ ಮುಗಿಸಿ ಅತ್ತೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. "ಅತ್ತೀ, ಅವರು ನಿಮ್ಮನ್ನ ಕರೀತಿರಲಿಲ್ಲ. ಇಲ್ಲೆ 'ಬಾ' ಅಂದ್ರ ತಾಯಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೌದೇನು? ಇಷ್ಟ್ ದಿನಾ ನನಗ ತಾಯಿ ತಾಯಿ ಅಂತ ಕರದ್ರೇನು? ನಾ ಸುಳ್ಳ ಬೈಕೊಂಡೆನಲ್ಲಾ."

ಮರುದಿನ ಹನ್ನೊಂದಕ್ಕೆ ಒಳ್ಳೆಯ ಇಳಕಲ್ ಸೀರೆ ಉಟ್ಟು ಕೆಳಗೆ ಬಂದರು. ಒಬ್ಬ ಹೆಂಗಸು ಒಳಗೆ ಬಂದು, "ಕೇಮ್ ಛೋ ಬಾ?" ಎಂದಳು. ಅತ್ತೆ ಕುರ್ಚಿ ಬಿಟ್ಟು ಕದಲಲಿಲ್ಲ. ನನಗೆ ನೆಮ್ಮದಿಯಾಯಿತು. ನಾನು ಹೇಳಿದ್ದು ನಾಟಿದೆ, ಇನ್ನು ಅರಿಷಿಣದ ಕಾಟ ತಪ್ಪಿತು ಅಂದುಕೊಂಡೆ. "ಇವತ್ತ ಏಳಲಿಲ್ಲಲ್ಲಾ ಅತ್ತೀ?" ಎಂದೆ.

"ತಾಯಿ ಯಾಕ ಎದ್ದು ಹೋಗಬೇಕವಾ?" ಎಂದು ಅತ್ತೆ ಪಕ್ಕದ ಖಾಲಿ ಕುರ್ಚಿ ತಟ್ಟಿದರು. "ಮಕ್ಕಳ ಬರಬೇಕು."

ಸುಲಿಗೆ

ನಮ್ಮ ಮಗಳಿಗೆ ಗುಜರಾತಿ, ಹಿಂದಿ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಕಷಾಯ. ಒಂದು ಮಧ್ಯಾಹ್ನ ನಾನು ಕ್ಲಿನಿಕ್ಕಿನಲ್ಲಿದ್ದಾಗ ಹುಬ್ಬಳ್ಳಿಯಿಂದ ನನ್ನ ಗಂಡನ ಅಣ್ಣ ಮನೆಗೆ ಫೋನು ಮಾಡಿದರು.

"ನಿಮ್ಮವ್ವ ಎಲ್ಲಿದ್ದಾಳವಾ?"

"ಮಮ್ಮಿ ಕೆಳಗೆ ಇದೆ. ಬ್ಯುಸಿ ಇದೆ."

"ಏನ್ ಮಾಡಾಕತ್ತಾಳ?"

ಆ ಹೊತ್ತಿಗೆ ನಾನು ಒಬ್ಬರಿಗೆ ಪೀಲ್ ಮಾಡುತ್ತಿದ್ದೆ. ಮುಖಕ್ಕೆ ಒಂದು ದ್ರಾವಣ ಹಚ್ಚಿದರೆ ನಾಲ್ಕಾರು ದಿನದಲ್ಲಿ ಕಲೆಯಿರುವ ಮೇಲಿನ ಪದರ ತೆಳ್ಳಗೆ ಉದುರಿ ಹೋಗುತ್ತದೆ. ಅಷ್ಟೇ ಅದು. ಆದರೆ ಕಿತ್ತಳೆ ಹಣ್ಣು 'ಪೀಲ್' ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಅಜ್ಜಿ ಮೊಮ್ಮಗಳಿಗೆ ಕಲಿಸಿ ಹೋಗಿದ್ದರು.

"ಒಂದು ಆಂಟಿದು ಮುಖ ಸುಲೀತಾ ಇದೆ ದೊಡ್ಡಪ್ಪ. ಅರ್ಧ ಸುಲಿದು ಆಯ್ತು. ಪೂರ್ತಿ ಸುಲಿದ ಮೇಲೆ ಫೋನ್ ಮಾಡ್ತದೆ."

ಸಂಜೆ ನಾನು ಫೋನು ಮಾಡಿದಾಗ ಭಾವ ಇನ್ನೂ ಚೇತರಿಸಿಕೊಂಡಿರಲಿಲ್ಲ. "ಡಾಕ್ಟರು ರೊಕ್ಕಾ ಸುಲೀತಾರ ಅಂತ ಕೇಳಿದ್ದೆ. ಗುಜರಾತದಾಗ ರೊಕ್ಕಾ ಕೊಡದವರಿಗೆ ಹಿಂಗೇನು?"

ಹಸಿರು ದೀಪ

ಅಹಮದಾಬಾದಿನ ಬೇಸಗೆಯಲ್ಲಿ ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳೆಲ್ಲ ತಲೆಯಿಂದ ಕುತ್ತಿಗೆಯವರೆಗೆ ದುಪಟ್ಟಾ ಸುತ್ತಿ, ಕಪ್ಪು ಕನ್ನಡಕ ಹಾಕಿ, ಮೊಣಕೈವರೆಗೆ ಕೈಗವಸು ತೊಟ್ಟು ಹೊರಡುತ್ತಾರೆ. ಬೇರೆ ಊರಿನವರು ನೋಡಿದರೆ ಬ್ಯಾಂಕು ದರೋಡೆಗೆ ಹೊರಟ ಪಡೆ ಅಂದುಕೊಳ್ಳಬೇಕು. ನಾನೂ ಆ ಪಡೆಯವಳೇ.

ಒಂದು ಮೇ ತಿಂಗಳ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಪಕ್ಕಕ್ಕೆ ಇನ್ನೊಂದು ದುಪಟ್ಟಾ ಬಂದು ನಿಂತು, "ಅರೆ, ಡಾಕ್ಟರ್ ಬೆನ್!" ಎಂದಿತು. ನನ್ನ ಸ್ಕೂಟರಿನ ಮೇಲಿನ ಡಾಕ್ಟರ ಗುರುತು ನೋಡಿ ಪತ್ತೆ ಹಚ್ಚಿದ್ದಳು. ಯಾರು ಎಂದು ನಾನು ಕೇಳುವ ಮುಂಚೆಯೇ ಸುತ್ತು ಸುತ್ತಾಗಿ ದುಪಟ್ಟಾ ಬಿಚ್ಚಿ ಕೆನ್ನೆ ನನ್ನ ಕಡೆ ಚಾಚಿದಳು. "ನೋಡಿ ಬೆನ್, ಕಡಿಮೆಯಾಗಿದೆಯಾ?"

"ಆಗಿದೆ, ಆಗಿದೆ. ಮೊದಲು ಮುಚ್ಚಿಕೊಳ್ಳಿ, ಬಿಸಿಲು!"

ಇದನ್ನು ನೋಡಿದ ರಿಕ್ಷಾದವರು ಸೀಟಿನಿಂದಲೇ ಮೊಣಕೈ ಹೊರಗೆ ಚಾಚಿದರು. "ಬೆನ್, ಹೇಗೂ ನಿಂತಿದ್ದೀರಿ, ಇದೊಂದು ತುರಿಕೆ ನೋಡಿಬಿಡಿ." ರಿಕ್ಷಾದೊಳಗಿನ ಅಜ್ಜಿ, "ಮೊದಲು ನನ್ನ ಕುತ್ತಿಗೆ, ನಾನು ಬಾಡಿಗೆ ಕೊಟ್ಟವಳು" ಎಂದಳು. ಅಷ್ಟರಲ್ಲಿ ಬಿಸಿಲಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸರೊಬ್ಬರು ಸೀಟಿ ಊದುತ್ತ ನಮ್ಮ ಕಡೆಗೇ ಬಂದರು. ದಂಡ ಗ್ಯಾರಂಟಿ ಎಂದುಕೊಂಡು ನಾನು ಲೈಸೆನ್ಸು ಹುಡುಕಲು ಚೀಲಕ್ಕೆ ಕೈ ಹಾಕಿದೆ.

ಅವರು ಹತ್ತಿರ ಬಂದು ಕಪ್ಪು ಕನ್ನಡಕ ತೆಗೆದರು. ಇಡೀ ಮುಖ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು. ಕನ್ನಡಕ ಇದ್ದ ಜಾಗ ಮಾತ್ರ ಬೆಳ್ಳಗೆ, ಎರಡು ಇಡ್ಲಿ ಇಟ್ಟ ಹಾಗೆ.

"ಮನೆಯಲ್ಲಿ ಮಕ್ಕಳು ನಗುತ್ತಾರೆ ಬೆನ್" ಎಂದರು ಮೆಲ್ಲಗೆ. "ಇದಕ್ಕೇನಾದರೂ ಇದೆಯಾ?"

ನಾನು ಲೈಸೆನ್ಸು ಬಿಟ್ಟು ಚೀಟಿ ತೆಗೆದು ಬರೆಯತೊಡಗಿದೆ. ಹಸಿರು ದೀಪ ಬಂತು. ಹಿಂದಿನ ಕಾರು, ಬಸ್ಸು, ಲಾರಿಗಳೆಲ್ಲ ಒಂದೇ ಸಲ ಹಾರ್ನ್ ಹೊಡೆದವು. ಪೊಲೀಸರು ಗರ್ರನೆ ತಿರುಗಿ ಎರಡೂ ಕೈ ಎತ್ತಿ ಗುಡುಗಿದರು:

"ಏಯ್, ನಿಲ್ಲಿ ಎಲ್ಲಾ! ಕಾಣಲ್ವಾ? ಡಾಕ್ಟರು ಬರೀತಿದ್ದಾರೆ!"

ಪೌಡರಿನ ಭಾನುವಾರ

ಇದು ಆದದ್ದು ಬೋಪಾಲ್‌ನಲ್ಲೇ. ಇದನ್ನು ನೆನೆದು ನಾನು ಈಗಲೂ ಒಬ್ಬಳೇ ನಗುತ್ತೇನೆ.

ಒಂದು ಮಂಗಳವಾರ ಒಬ್ಬ ತಾಯಿ ಮಗಳನ್ನು ಕರೆತಂದರು. ಹುಡುಗಿ ಬ್ಯಾಂಕಿನಲ್ಲಿ ಕೆಲಸದವಳು. ಮೊಡವೆ ಹೋಗಿ ಕೆನ್ನೆ ತುಂಬ ಕಪ್ಪು ಚುಕ್ಕೆ ಉಳಿದಿದ್ದವು. ಮಾತೆಲ್ಲ ತಾಯಿಯದೇ. "ಭಾನುವಾರ ಗಂಡಿನ ಕಡೆಯವರು ನೋಡಲು ಬರುತ್ತಾರೆ. ಅಷ್ಟರೊಳಗೆ ಹೋಗಬೇಕು."

"ಇದಕ್ಕೆ ನಾಲ್ಕೈದು ತಿಂಗಳಾದರೂ ಬೇಕು" ಎಂದೆ.

"ನಾಲ್ಕು ತಿಂಗಳ ಔಷಧಿ ಒಟ್ಟಿಗೆ ಹಚ್ಚಿದರೆ?"

ಹುಡುಗಿ ತಲೆ ತಗ್ಗಿಸಿ, "ಮಮ್ಮಿ, ಇದು ಹೋಂ ಲೋನ್ ಅಲ್ಲ, ಒಂದೇ ಸಲ ಕಟ್ಟಿ ಮುಗಿಸೋಕೆ" ಎಂದಳು. ನನಗೆ ಆ ಹುಡುಗಿ ಹಿಡಿಸಿದಳು. ಹೊರಡುವಾಗ ತಾಯಿ ಬಾಗಿಲವರೆಗೆ ಹೋದವರು ತಿರುಗಿ ಬಂದು ಪಿಸುಗುಟ್ಟಿದರು: "ನಾವು ಬಂದದ್ದು ಯಾರಿಗೂ ಗೊತ್ತಾಗಬಾರದು ಬೆನ್."

ಗುರುವಾರ ಇನ್ನೊಬ್ಬ ತಾಯಿ ಮಗನನ್ನು ಕರೆತಂದರು. ಹುಡುಗ ಕಟ್ಟಡ ಕಟ್ಟಿಸುವ ಇಂಜಿನಿಯರು, ದಿನವಿಡೀ ಬಿಸಿಲು. ಹಣೆ ಕೆನ್ನೆ ಎಲ್ಲ ಮಚ್ಚೆ ಮಚ್ಚೆ. "ಭಾನುವಾರ ಹೆಣ್ಣು ನೋಡಲು ಹೋಗಬೇಕು. ಹುಡುಗಿ ನೋಡಿ, ಹಾಲು! ಇವಳ ಮುಂದೆ ಇವನನ್ನು ಹೇಗೆ ಕೂರಿಸಲಿ?" ಎಂದು ಫೋನಿನಲ್ಲಿ ಫೋಟೋ ತೋರಿಸಿದರು. ಆ ಫೋಟೋದ ಹುಡುಗಿಗೆ ಕಲೆಯಿರಲಿಲ್ಲ, ಚುಕ್ಕೆಯಿರಲಿಲ್ಲ, ಬೆಳಕಿನ ಮಹಿಮೆಯಿಂದ ಮೂಗೂ ಇದ್ದೂ ಇಲ್ಲದ ಹಾಗಿತ್ತು. ಮಂಗಳವಾರದ ಹುಡುಗಿಯೇ ಅವಳು ಎಂದು ನನಗೆ ಹೇಗೆ ಹೊಳೆಯಬೇಕು? ಈ ತಾಯಿಯೂ ಹೋಗುವಾಗ, "ಯಾರಿಗೂ ಹೇಳಬೇಡಿ ಬೆನ್" ಎಂದರು.

ಸೋಮವಾರ ನಮ್ಮಲ್ಲಿ ಪೀಲಿನ ದಿನ. ಇಬ್ಬರಿಗೂ ಒಂದೇ ಮಾತು ಹೇಳಿದ್ದೆ: ಸೋಮವಾರ ಸಂಜೆ ಬನ್ನಿ, ಮುಖಕ್ಕೆ ಏನೂ ಹಚ್ಚದೆ, ತೊಳೆದುಕೊಂಡು ಬನ್ನಿ.

ಸೋಮವಾರ ಇಬ್ಬರೂ ಬಂದರು. ಅಮ್ಮಂದಿರು ಇರಲಿಲ್ಲ. ತೊಳೆದ ಮುಖ, ಎಲ್ಲ ಚುಕ್ಕೆಗಳೂ ಬಯಲಿಗೆ. ಹೊರಗಿನ ಬೆಂಚಿನಲ್ಲಿ ಪಕ್ಕಪಕ್ಕ ಕೂತರು. ನನ್ನ ಕೋಣೆಗೂ ಬೆಂಚಿಗೂ ನಡುವೆ ಇರುವುದು ತೆಳು ಪ್ಲೈವುಡ್ಡು. ನಾನು ಒಳಗೆ ಒಬ್ಬರ ನರುಳ್ಳೆ ತೆಗೆಯುತ್ತಿದ್ದೆ. ಕೈ ಕೆಲಸದಲ್ಲಿತ್ತು, ಕಿವಿಗೆ ಕೆಲಸವಿರಲಿಲ್ಲ.

"ನಿಮಗೂ ಪೀಲಾ?" ಹುಡುಗನ ದನಿ.

"ಹೂಂ. ನಿಮಗೆ?"

"ನನಗೂ. ಅಮ್ಮನ ಕಾಟ. ನಿನ್ನೆ ಹೆಣ್ಣು ನೋಡೋಕೆ ಬೇರೆ ಹೋಗಿದ್ವಿ."

"ಹೇಗಿದ್ದಳು ಹುಡುಗಿ?"

"ಹುಡುಗಿ ಕಂಡರೆ ತಾನೆ ಹೇಳೋದು! ಗೋಡೆಗೆ ಪ್ಲಾಸ್ಟರ್ ಮಾಡಿದ ಹಾಗೆ ಮೇಕಪ್ಪು. ನಾನು ಇಂಜಿನಿಯರ್, ಒಣಗಿದೆಯೋ ಇಲ್ಲವೋ ಅಂತಲೇ ನೋಡ್ತಿದ್ದೆ. ಪಾಪ, ಒಂದು ಮಾತಾಡಲಿಲ್ಲ, ನಗಲೂ ಇಲ್ಲ. ನಕ್ಕರೆ ಬಿರುಕು ಬಿಡುತ್ತೆ ಅಂತ ಹೆದರಿಸಿದ್ದರೋ ಏನೋ."

ಹುಡುಗಿ ಕಿಲಕಿಲ ನಕ್ಕಳು. "ನಮ್ಮ ಮನೆಗೂ ನಿನ್ನೆ ಒಬ್ಬ ಬಂದಿದ್ದ. ಅವನ ಪೌಡರ್ ನೋಡಬೇಕಿತ್ತು ನೀವು! ನಮ್ಮಪ್ಪ ಫ್ಯಾನ್ ಹಾಕಿದರೆ ಅವರಮ್ಮ ಎದ್ದು ಹೋಗಿ ಆರಿಸಿದರು, ಹಾರಿಹೋದೀತು ಅಂತ. ಪಾಪದವನು, ಬೆವರಿ ಬೆವರಿ ಎರಡೂ ಕಿವಿ ಪಕ್ಕ ಕಾಲುವೆ ಹರಿಯಿತು. ಅವನೂ ಒಂದು ಮಾತಾಡಲಿಲ್ಲ."

ಪ್ಲೈವುಡ್ಡಿನ ಆಚೆ ನಗು ಗಕ್ಕನೆ ನಿಂತಿತು. ನಾನು ನರುಳ್ಳೆ ಬಿಟ್ಟು ಗೋಡೆಗೆ ಕಿವಿಕೊಟ್ಟೆ. ನರುಳ್ಳೆಯವರೂ ಕಿವಿಕೊಟ್ಟರು.

"ನಿಮ್ಮ ಮನೆಯಲ್ಲಿ..." ಹುಡುಗ ನಿಧಾನವಾಗಿ ಕೇಳಿದ, "ಸೋಫಾದ ಹಿಂದೆ ದೊಡ್ಡ ನವಿಲಿನ ಚಿತ್ರ ಇದೆಯಾ?"

ಬೆಂಚು ಕಿರ್ರೆಂದಿತು.

"ಇದೆ" ಎಂದಳು ಹುಡುಗಿ. ಆಮೇಲೆ, "ಢೋಕ್ಲಾ ಮೂರನೇ ಸಲ ಹಾಕಿಸಿಕೊಂಡದ್ದು ನೀವೇನಾ?"

"ಚೆನ್ನಾಗಿತ್ತು" ಎಂದ.

ನಾನು ಬಾಗಿಲು ತೆರೆದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹುಡುಗಿ ಕಣ್ಣೊರೆಸಿಕೊಂಡು, "ಪೀಲು ಇವತ್ತು ಬೇಡ ಡಾಕ್ಟರ್ ಬೆನ್. ಪಕ್ಕದಲ್ಲಿ ಚಹಾ ಕುಡಿದು ಬರುತ್ತೀವಿ" ಎಂದಳು. ಹೋದವರು ತಿರುಗಿ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಮದುವೆಗೆ ಕರೆಯಲು ಬಂದರು. ಅವತ್ತು ಹುಡುಗಿ ಹೇಳಿದ ಮಾತು ನನಗೆ ಮರೆಯುವುದಿಲ್ಲ: "ಒಬ್ಬರು ನನ್ನ ಮುಖ ನೋಡಿ ನಕ್ಕರೂ ಬೇಜಾರಾಗದೇ ಇದ್ದದ್ದು ಅದೇ ಮೊದಲ ಸಲ ಬೆನ್."

ಮದುವೆಗೆ ಹೋದೆ. ಬಾಗಿಲಲ್ಲೇ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಎಳೆದರು. "ನೀವು ಚರ್ಮದ ಡಾಕ್ಟರು ಅಂತ ಗೊತ್ತಾಗಬಾರದು ಬೆನ್. ಬೀಗರ ಕಡೆಯವರಿಗೆಲ್ಲ ಮೂಳೆ ಡಾಕ್ಟರು ಅಂತ ಹೇಳಿದ್ದೇನೆ." ಆಗಲಿ ಎಂದೆ. ಶರಬತ್ತಿನ ಹತ್ತಿರ ಹುಡುಗನ ತಾಯಿ ಹಿಡಿದುಕೊಂಡರು. "ಬೆನ್, ಹೆಣ್ಣಿನ ಕಡೆಯವರಿಗೆ ನೀವು ಹಲ್ಲಿನ ಡಾಕ್ಟರು. ಮರೆಯಬೇಡಿ." ಅದಕ್ಕೂ ಆಗಲಿ ಎಂದೆ. ವೇದಿಕೆ ಮೇಲೆ ಕೂತ ಮದುಮಕ್ಕಳು ಇದನ್ನೆಲ್ಲ ನೋಡಿ ನಗು ತಡೆಯಲಾರದೆ ಒದ್ದಾಡುತ್ತಿದ್ದರು.

ಮದುವೆ ಮನೆಯಲ್ಲಿ ಒಬ್ಬ ಡಾಕ್ಟರು ಖಾಲಿ ನಿಂತಿದ್ದಾರೆ ಎಂದರೆ ಸುದ್ದಿ ನಿಲ್ಲುತ್ತದೆಯೇ? ನಾನು ತಟ್ಟೆ ಹಿಡಿಯುವಷ್ಟರಲ್ಲಿ ಗಂಡಿನ ಚಿಕ್ಕಪ್ಪ ಬಂದು ಪೈಜಾಮ ಮೇಲೆತ್ತಿ ಮೊಣಕಾಲು ಮುಂದಿಟ್ಟರು. "ಬಗ್ಗಿಸಿದರೆ ನೋವು" ಎಂದರು. "ಬಗ್ಗಿಸಬೇಡಿ" ಎಂದೆ. ಅವರು ಬಹಳ ಸಮಾಧಾನದಿಂದ ಹೋಗಿ ಇನ್ನೂ ಮೂರು ಮೊಣಕಾಲುಗಳನ್ನು ಕಳಿಸಿದರು.

ಅವನ್ನು ಮುಗಿಸಿ ಪೂರಿ ಮುರಿಯುವ ಹೊತ್ತಿಗೆ ಹೆಣ್ಣಿನ ಅಜ್ಜಿ ಇಬ್ಬರ ಹೆಗಲು ಹಿಡಿದುಕೊಂಡು ಬಂದು ನನ್ನೆದುರು ಕೂತರು. "ನೀನೇ ಅಂತಲ್ಲ ಹಲ್ಲಿನ ಡಾಕ್ಟರು? ನೋಡು ಮಗಳೇ" ಎಂದು ದೀಪದ ಬೆಳಕಿಗೆ ಬಾಯಿ ಅಗಲಿಸಿದರು. ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲಿ ಹುಡುಕಿದರೂ ಒಂದೇ ಒಂದು ಹಲ್ಲಿರಲಿಲ್ಲ. ಅಜ್ಜಿಯ ಬೆನ್ನ ಹಿಂದೆ ಇಬ್ಬರು ತಾಯಂದಿರೂ ನಿಂತು, ಒಬ್ಬರಿಗೊಬ್ಬರು ಕಾಣದ ಹಾಗೆ ನನಗೆ ಕೈ ಮುಗಿಯುತ್ತಿದ್ದರು.

ನಾನು ಫೋನಿನ ಟಾರ್ಚು ಬಿಟ್ಟು ಎರಡೂ ಕಡೆ ಚೆನ್ನಾಗಿ ನೋಡಿದೆ. ಜೀವನದಲ್ಲಿ ಯಾವ ಪೇಶಂಟಿಗೂ ಕೊಡಲಾಗದ ಭರವಸೆಯನ್ನು ಅಜ್ಜಿಗೆ ಕೊಟ್ಟೆ.

"ಏನೂ ಚಿಂತೆ ಬೇಡ ಅಜ್ಜಿ. ಒಂದು ಹಲ್ಲಿನ ಮೇಲೂ ಒಂದು ಕಲೆಯಿಲ್ಲ."